ನೆಟ್ಟಗ ಅಂದ್ರ ಹೆಂಗ?

ಬನವ್ವ ಹದ್ಲಿ. ಐವತ್ತಾರು. ಊರು ಗುಳೇದಗುಡ್ಡ.
ಚೀಟಿಯಲ್ಲಿ ಡಾಕ್ಟರ ಕೈಬರಹ, ಇರುವೆ ಸಾಲು:
ಬೆನ್ನು, ಟೊಂಕ, ಪಕ್ಕದಿಂದ.
ನಿಂತು ಒಂದು, ಕೂತು ಒಂದು, ಮಲಗಿ ಒಂದು.

ಬಾಗಲಕೋಟೆ ನವನಗರದ ಈ ಕೋಣೆಗೆ ಕಿಟಕಿಯಿಲ್ಲ.
ಹದಿನೇಳು ವರ್ಷದಿಂದ ನಾನಿಲ್ಲಿ
ಹೇಳುವುದು ಎರಡೇ ಮಾತು:
ನೆಟ್ಟಗ ನಿಂದರ್ರಿ. ಉಸಿರು ಹಿಡೀರಿ.
ಮೂರನೆಯದೊಂದಿದೆ, ಬಿಡ್ರಿ ಅಂತ.
ಅದನ್ನು ಒಮ್ಮೊಮ್ಮೆ ಮರೆಯುತ್ತೇನೆ,
ಗಾಜಿನಾಚೆ ಮಂದಿ ಹಿಡಿದೇ ನಿಂತಿರುತ್ತಾರೆ.

"ನೆಟ್ಟಗ ಅಂದ್ರ ಹೆಂಗ್ರೀ?"
ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
"ಮನ್ಯಾಗ ನಿಂತಂಗೋ,
ಸಾವ್ಕಾರನ ಮುಂದ ನಿಂತಂಗೋ?"

ಗೋಡೆಯ ಹಲಗೆ ತೋರಿಸಿದೆ.
ಎದೆ ಉಬ್ಬಿಸಿ, ಗದ್ದ ಎತ್ತಿ,
ಆಧಾರ್ ಫೋಟೋಕ್ಕೆ ಕೂತವರ ಹಾಗೆ
ಮೈಯೆಲ್ಲ ಬಿಗಿಹಿಡಿದು ನಿಂತಳು.
ಪರದೆಯ ಮೇಲೆ ಗೆರೆ ಎಳೆದೆ:
ಟೊಂಕದ ವಾಲು ಹದಿನಾಲ್ಕು ಡಿಗ್ರಿ,
ಅದರ ಮೇಲಂಚಿನ ಇಳಿಜಾರು ಮೂವತ್ತೆಂಟು.
ಪುಸ್ತಕದಲ್ಲಿ ಅಚ್ಚು ಹಾಕಬಹುದಾದ ಬೆನ್ನು.
ನೋವನ್ನು ಚಪ್ಪಲಿಯ ಜೊತೆ
ಬಾಗಿಲಾಚೆ ಬಿಟ್ಟು ಬಂದಿದ್ದಳು.

ಸ್ಟೂಲು ಕೊಟ್ಟೆ. ಬೀಗರ ಮನೆಯಲ್ಲಿ
ಚಹಾಕ್ಕೆ ಕಾಯುವವಳಂತೆ ತುದಿಗೆ ಕೂತಳು.
ಹಿಂಗಲ್ಲಬೇ, ಮಗ್ಗದಾಗ ಹೆಂಗ ಕೂಡ್ತಿ?
"ಅಯ್ಯ, ಕುಣಿ ಎಲ್ಲೈತಿ ಇಲ್ಲೆ?"

ಕುಣಿ ಇರಲಿಲ್ಲ.
ಎತ್ತರದ ಸ್ಟೂಲು ತಂದೆ, ಕಾಲಡಿಗೆ
ಮೇಜು ಹತ್ತುವ ಮೆಟ್ಟಿಲು ನೂಕಿದೆ.
ಬಲಗಾಲು ತಾನೇ ತುಳಿಮಣೆ ಹುಡುಕಿತು,
ಬಲಗೈ ಗಾಳಿಯಲ್ಲಿ ಲಾಳಿಯ ಹಗ್ಗ ಹಿಡಿಯಿತು,
ಎಡಗೈ ಫಣಿ ಎಳೆಯಿತು.
ಆಗ ನಲವತ್ತು ವರ್ಷ
ಒಂದೇ ಸಲಕ್ಕೆ ಬೆನ್ನಮೇಲೆ ಬಂದು ಕೂತವು.
ಕುತ್ತಿಗೆ ಮುಂದೆ, ಟೊಂಕ ಹಿಂದೆ,
ನಡುವಿನ ಒಳಬಾಗು ಎಲ್ಲಿ ಹೋಯಿತೋ,
ಕೊಡದ ಹೊರಮೈಯಂತೆ ಎಲ್ಲ ದುಂಡಗೆ.
ಉಸಿರು ಹಿಡೀರಿ ಅನ್ನಲಿಲ್ಲ ನಾನು.
ಅವಳೇ ಹಿಡಿದಿದ್ದಳು,
ಎಳೆ ಹರಿದಾಗ ಹಿಡಿಯುವ ಹಾಗೆ.

ವಾಲು ಮೂವತ್ತೊಂದು. ಇಳಿಜಾರು ಇಪ್ಪತ್ತೊಂದು.
ಮಲಗಿಸಿದರೆ ಮತ್ತೆ ಬೇರೆ: ಹನ್ನೊಂದು, ನಲವತ್ತೊಂದು.
ಮಲಗಿದವಳು ಸಣ್ಣ ನಿದ್ದೆಯನ್ನೂ ತೆಗೆದಳು.
ಎಬ್ಬಿಸಲು ಮನಸ್ಸಾಗದೆ
ಜೋಡಿಸಿದ್ದ ಫೈಲನ್ನೇ ಜೋಡಿಸಿದೆ.

"ಇದರಾಗ ನಂದು ಯಾವುದು?"
ಮೂರೂ ಪಟ ದೀಪಕ್ಕೆ ಹಿಡಿದು ಕೇಳಿದಳು.
ಕೂಡಿಸಿ ನೋಡ್ರಿ, ಅಂದೆ.
ಹದಿನಾಲ್ಕಕ್ಕೆ ಮೂವತ್ತೆಂಟು,
ಮೂವತ್ತೊಂದಕ್ಕೆ ಇಪ್ಪತ್ತೊಂದು...
ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸಿ
ನನಗಿಂತ ಮೊದಲೇ ಹೇಳಿದಳು: ಐವತ್ತೆರಡು.
ಮೂರಕ್ಕೂ ಐವತ್ತೆರಡು.
ಎಲುಬು ಬಲಿಯುವಾಗ ಗೊತ್ತಾದ ಲೆಕ್ಕ ಅದು,
ನಿಂತರೂ ಕೂತರೂ ಬದಲಾಗಂಗಿಲ್ಲ, ಅಂದೆ,
ದೊಡ್ಡದೇನೋ ಹೇಳಿದ ಧಾಟಿಯಲ್ಲಿ.

ಅವಳಿಗೇನೂ ಅಚ್ಚರಿಯಿಲ್ಲ.
"ಖಣಾನೂ ಹಂಗ ಅಲ್ಲೇನ್ರಿ?
ಮಗ್ಗದ ಮ್ಯಾಲ ಬಿಗದಾಗ ಒಂದಳತಿ,
ಇಳಿಸಿ ಮಡಚಿದ್ರ ನಾಕ್ ಬೆರಳ ಕಡಿಮಿ.
ಸಾವ್ಕಾರ ಗೇಣು ಹಾಕಿ ರೊಕ್ಕ ಮುರಕೋತಾನ.
ಎಳಿ ಎಣಿಸಿ ನೋಡು ಅಂದ್ರ ಎಣಸಂಗಿಲ್ಲ.
ಎಳಿ ಅಷ್ಟ ಇರ್ತಾವ."

ವರದಿಯಲ್ಲಿ ಭಂಗಿ ಎಂಬ ಖಾನೆ.
ಎರಡನೆಯ ಪಟಕ್ಕೆ ಬರೆದೆ: ಮಗ್ಗದಾಗ ಕೂತಂಗ.
ಸಂಜೆ ಡಾಕ್ಟರು ಗೀಟು ಹೊಡೆದು
ಕುಳಿತು ಎಂದು ತಿದ್ದಿದರು.
ಆದರೂ ಪಟವನ್ನು ಬಹಳ ಹೊತ್ತು ನೋಡಿದರು,
ನೋಡುತ್ತ ನೋಡುತ್ತ ಕುರ್ಚಿಯಲ್ಲಿ
ತಾವೂ ಮುಂದಕ್ಕೆ ಬಾಗಿದರು.

ಸೀಸದ ಅಂಗಿ ಮೊಳೆಗೆ ತೂಗುಹಾಕುವಾಗ
ನೆನಪಾಯಿತು, ಹಿಡೀರಿ ಅಂದಿರಲಿಲ್ಲವಲ್ಲ,
ಹಾಗಾಗಿ ಬಿಡ್ರಿ ಅನ್ನುವುದೂ ಉಳಿದುಹೋಗಿತ್ತು.
ಅಷ್ಟೊತ್ತಿಗೆ ಅವಳು ಗುಳೇದಗುಡ್ಡದ ಬಸ್ಸಿನಲ್ಲಿ
ಸೀಟು ಸಿಗದೆ ಕಂಬ ಹಿಡಿದು ನಿಂತಿರಬೇಕು,
ನೆಟ್ಟಗೋ, ಹೆಂಗೋ.